ಕಂಡದ್ದನ್ನಷ್ಟೇ ಬರೆದೆ

ನಾನು ಮಂಡ್ಯ ಜಿಲ್ಲೆಯಲ್ಲಿ ಪಶುವೈದ್ಯ. ಇನ್ನೊಬ್ಬ ಡಾಕ್ಟರ ಮೇಲಿನ ದೂರಿಗೆ ನನ್ನ ಪೋಸ್ಟ್‌ಮಾರ್ಟಂ ವರದಿ ಸಾಕ್ಷಿಯಾಯಿತು.

ಮದ್ದೂರು ಕಡೆಯ ಹಳ್ಳಿ. ಬೆಳಿಗ್ಗೆ ಆರಕ್ಕೆ ಫೋನ್. "ಸಾ, ಹಸು ಹೋಗ್ಬುಡ್ತು. ಕುಯ್ದು ನೋಡಿ ಒಂದು ಕಾಗ್ದ ಬರ್ಕೊಡಿ" ಅಂದರು. ಎರಡನೇ ಸೂಲಿನ ಸೀಮೆ ಹಸು. ಹಿಂದಿನ ರಾತ್ರಿ ಕರು ಹಾಕಲಾಗದೆ ಒದ್ದಾಡುವಾಗ ಒಬ್ಬ ಡಾಕ್ಟರ್ ಬಂದು, ಕರುವಿನ ಮುಂಗಾಲಿಗೆ ಹಗ್ಗ ಕಟ್ಟಿಸಿ ಐದು ಜನರ ಕೈಲಿ ಎಳೆಸಿದರಂತೆ, ಹಸು ಕುಸಿದು ಬಿದ್ದ ಮೇಲೂ ಎಳೆಸಿದರಂತೆ, ಕೊನೆಗೆ ಆಗಲ್ಲ ಅಂತ ದುಡ್ಡು ತಗೊಂಡು ಹೊರಟುಹೋದರಂತೆ.

ಹೊಟ್ಟೆ ತೆರೆದರೆ ಒಳಗೆಲ್ಲ ರಕ್ತ. ಗರ್ಭಕೋಶ ಒಂದು ಗೇಣಿಗಿಂತ ಉದ್ದಕ್ಕೆ ಹರಿದಿತ್ತು. ಕರುವಿನ ತಲೆ ಪಕ್ಕೆಯ ಕಡೆ ತಿರುಗಿತ್ತು. ಹಾಗಿದ್ದಾಗ ಕರುವನ್ನು ಒಳಕ್ಕೆ ತಳ್ಳಿ ಮೊದಲು ತಲೆ ಸರಿ ಮಾಡಿಕೊಳ್ಳಬೇಕು, ಆಗದಿದ್ದರೆ ಸಿಸೇರಿಯನ್. ಇದು ಕಾಲೇಜಿನಲ್ಲೇ ಕಲಿಯುವ ಪಾಠ. ಕರುವಿನ ಬಲ ಮುಂಗಾಲು ಮುರಿದಿತ್ತು, ಚರ್ಮದ ಮೇಲೆ ಹಗ್ಗದ ಗುರುತು ಹಾಗೇ ಇತ್ತು. ನೋಡಿ ಕರುಳು ಚುರುಕ್ ಅಂತು.

ವರದಿಯಲ್ಲಿ ಆ ಡಾಕ್ಟರ ಹೆಸರು ಹಾಕಲಿಲ್ಲ, 'ನಿರ್ಲಕ್ಷ್ಯ' ಅಂತಲೂ ಬರೆಯಲಿಲ್ಲ. ಹರಿದ ಜಾಗ, ಟೇಪ್ ಹಿಡಿದು ತೆಗೆದ ಅಳತೆ, ಮುರಿದ ಕಾಲು, ಸಮಯ, ಹಸುವಿನ ಕಿವಿಗೆ ಹಾಕಿರುವ ಗುರುತಿನ ಓಲೆಯ (ಟ್ಯಾಗ್) 12 ಅಂಕಿ. ಓಲೆ ಕಾಣುವ ಹಾಗೆ ಫೋಟೊ. ಎಳೆದದ್ದನ್ನು ನಾನು ನೋಡಿಲ್ಲ. ಅದನ್ನು ಮನೆಯವರು ಮತ್ತು ಹಗ್ಗ ಹಿಡಿದ ಐವರೇ ಬರೆದು ಸಹಿ ಹಾಕಬೇಕು ಅಂದೆ.

ಮನೆಯವರು ಪೊಲೀಸ್ ಠಾಣೆಗೆ ಹೊರಟಿದ್ದರು. ಬೇಡ ಅನ್ನಲಿಲ್ಲ. ಆದರೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ಮೊದಲ ತಪ್ಪಿಗೆ ದಂಡ ಹೆಚ್ಚೆಂದರೆ 50 ರೂಪಾಯಿ. ಡಾಕ್ಟರಿಕೆಯನ್ನೇ ನಿಲ್ಲಿಸಬೇಕಾದರೆ ದೂರು ಪಶುವೈದ್ಯರನ್ನು ನೋಂದಣಿ ಮಾಡುವ ರಾಜ್ಯದ ಪಶುವೈದ್ಯ ಪರಿಷತ್ತಿಗೆ ಹೋಗಬೇಕು. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯಲ್ಲಿ ನೋಂದಣಿ ಪಟ್ಟಿಯಿಂದ ಹೆಸರು ತೆಗೆಯಲು ಅವಕಾಶ ಇದೆ. ತೆಗೆಯುವ ಮೊದಲು ಆ ಡಾಕ್ಟರ ಮಾತನ್ನೂ ಕೇಳಬೇಕು, ಅದು ನ್ಯಾಯವೇ. ಪರಿಷತ್ತಿಗೆ ದೂರು ಕೊಡುವ ಮೊದಲು ನೋಡಬೇಕಾದ್ದು ಅವರು ನೋಂದಣಿ ಆದವರೇ ಅಂತ. ನಮ್ಮ ಕಡೆ ಇಂಜೆಕ್ಷನ್ ಹಾಕುವವರೆಲ್ಲ ಡಾಕ್ಟ್ರೇ ಅಲ್ವಾ? ಪಟ್ಟಿಯಲ್ಲೇ ಇಲ್ಲದವರ ಹೆಸರು ತೆಗೆಯುವುದು ಹೇಗೆ, ಅಂಥವರ ಮೇಲೆ ಪೊಲೀಸರಿಗೆ ದೂರು ಕೊಡಬಹುದು. ಈ ಡಾಕ್ಟರ್ ನೋಂದಣಿ ಆದವರೇ ಆಗಿದ್ದರು. ಎಲ್ಲ ಕಾಗದದ ಜೆರಾಕ್ಸ್ ಇಟ್ಟುಕೊಂಡು ದೂರನ್ನು ಪರಿಷತ್ತಿಗೆ ಸ್ಪೀಡ್ ಪೋಸ್ಟ್ ಮಾಡಿಸಿದೆವು.

ಆಮೇಲೆ ನಮ್ಮವರೇ, ಪಶುವೈದ್ಯರೇ ಇಬ್ಬರು ಫೋನ್ ಮಾಡಿದರು. "ಹೆರಿಗೆ ಕಷ್ಟದಿಂದ ಸತ್ತಿದೆ ಅಂತ ಸುಮ್ನೆ ಬರೆದಿದ್ರೆ ಆಗ್ತಿತ್ತಲ್ಲಪ್ಪ" ಅಂದರು. ಒಂದು ವಾರ ಸರಿಯಾಗಿ ನಿದ್ದೆ ಬರಲಿಲ್ಲ. ಆದರೂ ಒಂದಕ್ಷರ ಬದಲಿಸಲಿಲ್ಲ.

ಪರಿಷತ್ತಿನ ವಿಚಾರಣೆಯಲ್ಲಿ ನನಗೆ ಕೇಳಿದ್ದು ಎರಡೇ ಪ್ರಶ್ನೆ. ಅಳತೆ ಹೇಗೆ ತೆಗೆದಿರಿ? ಫೋಟೊದಲ್ಲಿರುವುದು ಅದೇ ಹಸು ಅಂತ ಹೇಗೆ ಹೇಳುತ್ತೀರಿ? ಓಲೆಯ ನಂಬರ್ ತೋರಿಸಿದೆ. ತೀರ್ಮಾನ ಇನ್ನೂ ಬರಬೇಕು.

ಆ ಮನೆಯವರು ಬೇರೆ ಹಸು ಕಟ್ಟಿದ್ದಾರೆ. ಈಗ ಏಳು ತಿಂಗಳ ಗಬ್ಬ. "ಎಷ್ಟೊತ್ತಾದ್ರೂ ಫೋನ್ ಮಾಡ್ತೀವಿ, ನೀವೇ ಬರ್ಬೇಕು ಸಾ" ಅಂದಿದ್ದಾರೆ.