ಹೊಸ ಫೈಲ್ ಮೇಲೆ ಬರಬೇಕೇ? ‘ಎಲ್‌ಎಸ್’ಗೆ ಹೀಗೆ ಹೇಳಿ

ಕೋಲಾರದ ಎಪಿಎಂಸಿಯಲ್ಲಿ ನಮ್ಮ ಮಾವನ ಟೊಮೆಟೊ ಮಂಡಿ ಇದೆ. ಅಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವುದು ನಾನು. 15 ಕೆ.ಜಿ. ಬಾಕ್ಸ್ ಎಷ್ಟು, ಹರಾಜಿನಲ್ಲಿ ರೇಟು ಎಷ್ಟು ಅಂತ ಒಬ್ಬೊಬ್ಬ ರೈತರಿಗೂ ಒಂದು ಪಟ್ಟಿ. ಎಲ್ಲವೂ ಒಂದೇ ಫೋಲ್ಡರಿಗೆ ಬೀಳುತ್ತವೆ. ಕಂಪ್ಯೂಟರಿನಲ್ಲಿರುವುದು ಉಬುಂಟು ಎಂಬ ಲಿನಕ್ಸ್. ಅದರ ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ಫೈಲ್ ಪಟ್ಟಿ ತೋರಿಸುವ ‘ಎಲ್‌ಎಸ್’ ಹೊಡೆದರೆ ಅಷ್ಟೂ ಹೆಸರು ಅಕ್ಷರಕ್ರಮದಲ್ಲಿ ಸುರಿಯುತ್ತವೆ. ಬೇಕಿರುವುದು ಈಗಷ್ಟೇ ಬಂದ 10 ಮಾತ್ರ, ಅಲ್ವಾ?

ಮೊದಲು ಕೈಯಲ್ಲೇ ಹೊಡೆದು ನೋಡಿ. ಎಲ್‌ಎಸ್, ಒಂದು ಜಾಗ, ಹೈಫನ್, ಅದಕ್ಕೆ ಅಂಟಿದಂತೆ ಎಲ್, ಎಚ್, ಟಿ. ಎಲ್ಲ ಇಂಗ್ಲಿಷಿನ ಸಣ್ಣಕ್ಷರ. ಎಲ್ ಅಂದರೆ ಸಾಲಿಗೊಂದು ಫೈಲ್, ವಿವರ ಸಮೇತ. ಎಚ್ ಇದ್ದರೆ ಗಾತ್ರ ಓದುವಂತಿರುತ್ತದೆ. ಟಿ ಹೊಸದನ್ನು ಮೇಲೆ ತರುತ್ತದೆ. ಮುಂದೆ ಪೈಪ್ (ನೆಟ್ಟಗೆ ನಿಂತ ಗೀಟು; ಒಂದು ಕಮಾಂಡಿನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ದಾಟಿಸುತ್ತದೆ), ಮೊದಲ ಕೆಲವು ಸಾಲು ಮಾತ್ರ ತೋರಿಸುವ ‘ಹೆಡ್’, ಹೈಫನ್ ಎನ್, 11. ಹತ್ತಲ್ಲ, 11. ಮೊದಲ ಸಾಲನ್ನು ‘ಟೋಟಲ್’ ತಿಂದುಬಿಡುತ್ತದೆ.

ಪ್ರತಿ ಸಲ ಇಷ್ಟುದ್ದ ಹೊಡೆಯುವ ಬದಲು ಒಂದು ಚಿಕ್ಕ ಹೆಸರಿಡೋಣ. ಇದಕ್ಕೆ ಏಲಿಯಾಸ್, ಅಂದರೆ ಕಮಾಂಡಿಗೆ ಇಡುವ ಅಡ್ಡಹೆಸರು, ಸಾಲದು. ನಾವು ಕೊಟ್ಟ ಫೋಲ್ಡರಿನ ಹೆಸರನ್ನು ಅದು ಕೊನೆಗೆ ಅಂಟಿಸುತ್ತದೆ. ಹೆಸರು ಎಲ್‌ಎಸ್‌ಗೆ ಸಿಗುವ ಬದಲು ಹೆಡ್ ಪಾಲಾಗುತ್ತದೆ. ನಡುವೆ ಕೂರಿಸಲು ಫಂಕ್ಷನ್ನೇ ಬೇಕು, ಅಂದರೆ ಹೆಸರಿಟ್ಟ ಪುಟ್ಟ ಪ್ರೋಗ್ರಾಂ.

ಹೋಮ್ ಫೋಲ್ಡರಿನ ‘ಡಾಟ್ ಬ್ಯಾಶ್‌ಆರ್‌ಸಿ’ ಫೈಲಿನ (ಹೊಸ ಟರ್ಮಿನಲ್ ತೆರೆದಾಗ ಓದಿಕೊಳ್ಳುವ ಸೆಟ್ಟಿಂಗ್ ಫೈಲ್) ಒಂದು ಕಾಪಿ ತೆಗೆದಿಟ್ಟು, ಮೂಲ ಫೈಲನ್ನು ನ್ಯಾನೋ ಎಂಬ ಎಡಿಟರಿನಲ್ಲಿ ತೆರೆಯಿರಿ. ಕೊನೆಗೆ ಹೋಗಿ ಇಂಗ್ಲಿಷ್ ಅಕ್ಷರದಲ್ಲಿ ‘ಹೊಸದು’ ಅಂತ ಬರೆಯಿರಿ. ಪಕ್ಕದಲ್ಲೇ ಖಾಲಿ ಬ್ರಾಕೆಟ್ ಜೋಡಿ, ಜಾಗ, ತೆರೆದ ಕರ್ಲಿ ಬ್ರಾಕೆಟ್. ಮುಂದಿನ ಸಾಲಿಗೆ ಮೇಲಿನ ಕಮಾಂಡ್. ಆದರೆ ಪೈಪ್‌ಗೆ ಮುಂಚೆ, ಡಬಲ್ ಕೋಟ್ ಒಳಗೆ ಡಾಲರ್ ಮತ್ತು ಅಟ್ ಚಿಹ್ನೆ ಸೇರಿಸಿ. ನಾವು ಕೊಡುವ ಹೆಸರು ಬಂದು ಕೂರುವುದು ಅಲ್ಲೇ. ಮೂರನೇ ಸಾಲಿನಲ್ಲಿ ಕರ್ಲಿ ಮುಚ್ಚಿ.

ಆ ಕೋಟ್ ಸುಮ್ನೆ ಅಲ್ಲ. ನಾನು ಒಮ್ಮೆ ಬಿಟ್ಟಿದ್ದೆ. ‘ಮುಳಬಾಗಿಲು ಲಾಟ್’ ಫೋಲ್ಡರಿನ ಹೆಸರನ್ನು ಟ್ಯಾಬ್ ಒತ್ತಿ ಸರಿಯಾಗೇ ತುಂಬಿಸಿದ್ದರೂ ಅದನ್ನು ಎರಡು ತುಂಡು ಮಾಡಿ, ಮುಳಬಾಗಿಲೂ ಇಲ್ಲ, ಲಾಟೂ ಇಲ್ಲ ಅಂತ ಎರಡೆರಡು ಸಲ ಬೈಯಿತು.

ಹೆಸರಿಡುವಾಗಲೂ ಹುಷಾರು. ‘ಎಲ್‌ಎಲ್’ ಬೇಡ. ಉಬುಂಟು ಆ ಹೆಸರಿನ ಏಲಿಯಾಸನ್ನು ಮೊದಲೇ ಇಟ್ಟಿರುತ್ತದೆ, ಸಿಂಟ್ಯಾಕ್ಸ್ ಎರರ್ ಬರುತ್ತದೆ.

ಸೇವ್ ಮಾಡಿ ಹೊಸ ಟರ್ಮಿನಲ್ ತೆರೆದು ‘ಹೊಸದು’ ಹೊಡೆಯಿರಿ. ಪಟ್ಟಿ ಬರುತ್ತದೆ, ಬಣ್ಣ ಮಾತ್ರ ಮಾಯ. ಔಟ್‌ಪುಟ್ ಪೈಪ್‌ಗೆ ಹೋಗುತ್ತಿದೆ ಅಂತ ಗೊತ್ತಾದರೆ ಎಲ್‌ಎಸ್ ಬಣ್ಣ ಹಚ್ಚುವುದಿಲ್ಲ. ಬೇಕೇ ಬೇಕು ಅನ್ನುವವರು ಎಲ್‌ಎಸ್ ಆದಮೇಲೆ ಎರಡು ಹೈಫನ್, ‘ಕಲರ್’, ಸಮ ಚಿಹ್ನೆ, ‘ಆಲ್‌ವೇಸ್’ ಸೇರಿಸಿ.