ಎಸ್‌ಎಸ್‌ಡಿ ಬದಲಿಸಿದ ಮೇಲೆ ಬಂದ ನೀಲಿ ಪರದೆ ಸರಿಹೋದದ್ದು ಹೀಗೆ

ಹಳೆಯ 256 ಜಿಬಿ ತೆಗೆದು 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ (ಫೈಲುಗಳನ್ನೆಲ್ಲ ಇಡುವ ವೇಗದ ಡ್ರೈವ್) ಹಾಕಿದ ಮೇಲೆ ನನ್ನ ಲ್ಯಾಪ್‌ಟಾಪಿನಲ್ಲಿ ನೀಲಿ ಪರದೆಯ (ವಿಂಡೋಸ್ ಕ್ರ್ಯಾಶ್ ಆದಾಗ ಬರುವ ಪರದೆ) ಕಾಟ ಶುರುವಾಯಿತು. ಜಾಸ್ತಿ ಕೆಲಸ ಕೊಟ್ಟಾಗ ಏನೂ ಆಗುತ್ತಿರಲಿಲ್ಲ, ಸುಮ್ನೆ ಬಿಟ್ಟಾಗ ಮಾತ್ರ ಕ್ರ್ಯಾಶ್, ರೀಸ್ಟಾರ್ಟ್ ಮಾಡಿದರೆ ಡ್ರೈವೇ ಕಾಣಿಸದು, ಪೂರ್ತಿ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಬರುತ್ತಿತ್ತು. ಇದೇ ದೊಡ್ಡ ಸುಳಿವು. ಬಿಸಿಯಾಗಿ ಕೈಕೊಡುವ ಡ್ರೈವ್ ಕೆಲಸದ ಹೊತ್ತಿನಲ್ಲಿ ಕೈಕೊಡಬೇಕು, ಅಲ್ವಾ? ಇದು ನಿದ್ದೆಗೆ ಜಾರಿ ಏಳುತ್ತಲೇ ಇರಲಿಲ್ಲ.

ಮೆಮೊರಿ ಟೆಸ್ಟ್, ಡ್ರೈವಿನ ಆರೋಗ್ಯ ಹೇಳುವ ಸ್ಮಾರ್ಟ್ ವರದಿ ಎರಡೂ ಸರಿ ಇದ್ದವು. ಪವರ್ ಆಪ್ಷನ್ಸ್‌ನ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ಗೆ ಹೋಗಿ, ಪಿಸಿಐ ಎಕ್ಸ್‌ಪ್ರೆಸ್ ಕೆಳಗಿರುವ ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್ (ಕೆಲಸವಿಲ್ಲದಾಗ ಡ್ರೈವಿನ ಸಂಪರ್ಕವನ್ನು ವಿದ್ಯುತ್ ಉಳಿಸುವ ನಿದ್ದೆಗೆ ಕಳಿಸುವ ಸೆಟ್ಟಿಂಗ್) ಆಫ್ ಮಾಡಿದೆ. ಕಾಟ ನಿಂತಿತು! ಆಮೇಲೆ ಬ್ಯಾಕಪ್ ತೆಗೆದುಕೊಂಡು (ಇದನ್ನು ದಯವಿಟ್ಟು ಬಿಡಬೇಡಿ) ಡ್ರೈವಿನ ಫರ್ಮ್‌ವೇರ್, ಅಂದರೆ ಅದರೊಳಗೇ ಇರುವ ಸಾಫ್ಟ್‌ವೇರ್, ಅಪ್‌ಡೇಟ್ ಮಾಡಿದೆ. ಈಗ ಆ ಸೆಟ್ಟಿಂಗ್ ಮತ್ತೆ ಆನ್ ಇದ್ದರೂ ತೊಂದರೆ ಇಲ್ಲ.