ಖಾಲಿ ಹುದ್ದೆಗೆ ಶಿಕ್ಷಕರನ್ನು ತರಿಸಿಕೊಳ್ಳುವುದು ಹೇಗೆ: ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ

"ನಮ್ಮ ಶಾಲೆಗೆ ಮೇಷ್ಟ್ರಿಲ್ಲ, ದಯವಿಟ್ಟು ಕೊಡಿ" ಎಂಬ ಮನವಿಗಳು ಶಾಲೆ ಶುರುವಾಗುವ ಹೊತ್ತಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ರಾಶಿಯಾಗಿ ಬಂದು ಬೀಳುತ್ತವೆ. "ಪರಿಶೀಲಿಸಲಾಗುವುದು" ಎಂಬ ಷರಾದೊಂದಿಗೆ ಕಡತ ಸೇರುತ್ತವೆ. ಎಷ್ಟು ಹುದ್ದೆ, ಯಾವ ಕಲಂ, ಯಾವ ಅಧಿಕಾರಿ, ಎಷ್ಟು ದಿನದೊಳಗೆ ಎಂಬುದಿಲ್ಲದ ಮನವಿಗೆ "ಆಗುವುದಿಲ್ಲ" ಎಂದು ಬರೆದುಕೊಡುವ ಕಷ್ಟವೂ ಕಚೇರಿಗಿರುವುದಿಲ್ಲ. ಹಾಗಾಗಿ ಮೊದಲು ಲೆಕ್ಕ, ಆಮೇಲೆ ಮನವಿ.

ಲೆಕ್ಕಕ್ಕೆ ಆಧಾರ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ. 1ರಿಂದ 5ನೇ ತರಗತಿವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. 6ರಿಂದ 8ನೇ ತರಗತಿಗೆ ಲೆಕ್ಕವೇ ಬೇರೆ: ತರಗತಿಗೆ ಒಬ್ಬರಾದರೂ ಇರಬೇಕು, ವಿಜ್ಞಾನ-ಗಣಿತಕ್ಕೊಬ್ಬರು, ಸಮಾಜ ವಿಜ್ಞಾನಕ್ಕೊಬ್ಬರು, ಭಾಷೆಗೊಬ್ಬರು ಸಿಗುವಂತಿರಬೇಕು, ಜೊತೆಗೆ 35 ಮಕ್ಕಳಿಗೊಬ್ಬರ ಪ್ರಮಾಣ ತಪ್ಪಬಾರದು. ಈ ಎರಡನ್ನೂ ಬೆರೆಸಿ "ಒಟ್ಟು 95 ಮಕ್ಕಳು, 30ಕ್ಕೊಬ್ಬರು, ನಾಲ್ವರು ಸಾಕು" ಎಂದು ಭಾಗಿಸುವುದು ತೀರಾ ಸಾಮಾನ್ಯವಾದ ತಪ್ಪು. ಶಾಲೆಯ ಹಕ್ಕಿನ ಹುದ್ದೆಗಳು ಕೈತಪ್ಪುವುದು ಬಹುಪಾಲು ಇಲ್ಲೇ.

ಒಂದು ಉದಾಹರಣೆ ತೆಗೆದುಕೊಳ್ಳಿ. 1ರಿಂದ 8ನೇ ತರಗತಿಯ ಶಾಲೆ. ಕೆಳಗಿನ ಐದು ತರಗತಿಗಳಲ್ಲಿ 62 ಮಕ್ಕಳು, ಮೇಲಿನ ಮೂರರಲ್ಲಿ 33. ಕಾನೂನಿನ ಪ್ರಕಾರ ಮೂವರು ಮತ್ತು ಮೂವರು, ಒಟ್ಟು ಆರು ಮಂದಿ. ಮಂಜೂರಾದ ಹುದ್ದೆ ಐದು. ಅದರಲ್ಲಿ ಎರಡು ಖಾಲಿ. ಉಳಿದ ಮೂವರಲ್ಲಿ ಒಬ್ಬರು ನಿಯೋಜನೆಯ ಮೇಲೆ ಬೇರೆಡೆ ಇದ್ದಾರೆ. ಅಂದರೆ ಎಂಟು ತರಗತಿಗಳಿಗೆ ಪಾಠ ಮಾಡುತ್ತಿರುವವರು ಇಬ್ಬರೇ. ಊರಿನವರ ಬಾಯಲ್ಲಿ ಇದು "ಮೇಷ್ಟ್ರಿಲ್ಲ" ಎಂಬ ಒಂದೇ ದೂರು. ಕಾಗದದ ಮೇಲೆ ಇವು ಮೂರು ಬೇಡಿಕೆಗಳು, ಪ್ರತಿಯೊಂದರ ದಾರಿಯೂ ಬೇರೆ.

ಮೊದಲು ಹಿಡಿಯಬೇಕಾದದ್ದು ನಿಯೋಜನೆ. ಒಂದು ಶಾಲೆಗೆ ನೇಮಕವಾದ ಶಿಕ್ಷಕರನ್ನು ಬೇರೆ ಶಾಲೆಯಲ್ಲೋ ಕಚೇರಿಯಲ್ಲೋ ದುಡಿಸುವಂತಿಲ್ಲ ಎಂದು ಇದೇ ಕಾಯ್ದೆಯ ಕಲಂ 25(2) ಹೇಳುತ್ತದೆ. ಹೊಸ ಹುದ್ದೆ ಬೇಡ, ಹಣಕಾಸು ಇಲಾಖೆಯ ಒಪ್ಪಿಗೆ ಬೇಡ, ಒಂದು ಆದೇಶ ರದ್ದಾದರೆ ಸಾಕು. ಹೀಗಾಗಿ ಮೂರರಲ್ಲಿ ಬೇಗ ಫಲ ಕೊಡುವುದು ಇದೇ. ಚುನಾವಣಾ ಕೆಲಸವನ್ನು ಮಾತ್ರ ಇದರ ಜೊತೆ ಸೇರಿಸಬೇಡಿ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರಕ್ಕೆ ಕಲಂ 27 ಅವಕಾಶ ಕೊಟ್ಟಿದೆ. ಆದರೂ ಮತದಾರರ ಪಟ್ಟಿ ಪರಿಷ್ಕರಣೆಗೆ ಶಿಕ್ಷಕರನ್ನು ರಜಾ ದಿನಗಳಲ್ಲಿ ಮತ್ತು ಪಾಠವಿಲ್ಲದ ವೇಳೆಯಲ್ಲಿ ಬಳಸಬೇಕೆಂದು ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ಪಾಠದ ಹೊತ್ತಿನಲ್ಲೇ ಕರೆದೊಯ್ಯುತ್ತಿದ್ದರೆ ಅಷ್ಟನ್ನು ಮಾತ್ರ ಪ್ರಶ್ನಿಸಿ.

ಎರಡನೆಯದು ಖಾಲಿ ಹುದ್ದೆ. ಮಂಜೂರಾದ ಹುದ್ದೆಗಳಲ್ಲಿ ಶೇ 10ಕ್ಕಿಂತ ಹೆಚ್ಚು ಖಾಲಿ ಇರಬಾರದು ಎನ್ನುತ್ತದೆ ಕಲಂ 26. ಐದರಲ್ಲಿ ಎರಡು ಎಂದರೆ ಶೇ 40. ಕಾಯಂ ಶಿಕ್ಷಕರು ಬರುವುದು ನೇಮಕಾತಿ ಅಥವಾ ವರ್ಗಾವಣೆ ಕೌನ್ಸೆಲಿಂಗ್ ಮೂಲಕ, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಅತಿಥಿ ಶಿಕ್ಷಕರನ್ನು ಕೇಳಿ, ಕೊಟ್ಟರೆ ಒಪ್ಪಿಕೊಳ್ಳಿ. ಆದರೆ ಆ ದಿನದ ನಡಾವಳಿಯಲ್ಲಿ "ಇದು ತಾತ್ಕಾಲಿಕ ವ್ಯವಸ್ಥೆ, ಕಾಯಂ ಹುದ್ದೆ ಖಾಲಿಯೇ ಇದೆ" ಎಂದು ಬರೆಸದೆ ಸಭೆ ಮುಗಿಸಬೇಡಿ. ಈ ಸಾಲು ಇಲ್ಲದಿದ್ದರೆ ಮುಂದಿನ ವರ್ಷದ ಉತ್ತರ "ವ್ಯವಸ್ಥೆ ಮಾಡಲಾಗಿದೆ" ಎಂದಷ್ಟೇ ಇರುತ್ತದೆ.

ಮೂರನೆಯದು ಆರನೇ ಹುದ್ದೆಯ ಮಂಜೂರಾತಿ. ಇದು ಬಿಇಒ ಕೈಯಲ್ಲಿಲ್ಲ, ಪ್ರಸ್ತಾವನೆ ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರು) ಮೂಲಕ ಮೇಲೆ ಹೋಗಬೇಕು. ಇದನ್ನು ಶಾಲಾ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸುವುದೇ ಸರಿಯಾದ ದಾರಿ. ಆ ಯೋಜನೆ ಮಾಡುವುದು ಸಮಿತಿಯ ಕರ್ತವ್ಯ ಎಂದು ಕಲಂ 22 ಹೇಳುತ್ತದೆ. ಆರ್ಥಿಕ ವರ್ಷ ಮುಗಿಯಲು ಮೂರು ತಿಂಗಳಿರುವಾಗಲೇ, ಅಂದರೆ ಡಿಸೆಂಬರ್ ಒಳಗೆ, ಅದು ಸಿದ್ಧವಾಗಬೇಕು ಎಂಬುದು ಕೇಂದ್ರದ 2010ರ ನಿಯಮ. ತರಗತಿವಾರು ದಾಖಲಾತಿಯ ಅಂದಾಜು, ಬೇಕಾದ ಶಿಕ್ಷಕರು, ಕೊಠಡಿ, ಹಣ ಎಲ್ಲವೂ ಅದರಲ್ಲಿರಬೇಕು. ಮಾರ್ಚ್‌ನಲ್ಲಿ ಹಳೆಯ ಯೋಜನೆಯ ತಾರೀಖು ಬದಲಿಸಿ ಸಹಿ ಹಾಕಿಸುವ ಪದ್ಧತಿಗೆ ಮಣಿಯಬೇಡಿ.

ಈ ಲೆಕ್ಕಗಳೆಲ್ಲ ನಿಂತಿರುವುದು ದಾಖಲಾತಿಯ ಮೇಲೆ. 62ರಲ್ಲಿ ಮೂವರ ಹೆಸರು ಹೋದರೆ 59, ಅಲ್ಲಿಗೆ ಮೂರನೇ ಶಿಕ್ಷಕರ ಬೇಡಿಕೆಯೂ ಹೋಯಿತು. ಇದ್ದವರನ್ನೇ "ಹೆಚ್ಚುವರಿ" ಎಂದು ಗುರುತಿಸುವ ಅಪಾಯವೂ ಉಂಟು. ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಮನೆಗಳ ಮಕ್ಕಳ ಹೆಸರು ಬಿಡುವುದು ಇಂಥ ಹೊತ್ತಿನಲ್ಲೇ. ಯುಡೈಸ್ (ದೇಶದ ಎಲ್ಲ ಶಾಲೆಗಳ ವಾರ್ಷಿಕ ಲೆಕ್ಕ) ಮಾಹಿತಿಗೆ ಸೆಪ್ಟೆಂಬರ್ 30 ಉಲ್ಲೇಖ ದಿನಾಂಕ. ಅದಕ್ಕೆ ಎರಡು ವಾರ ಮೊದಲು ಹಾಜರಿ ಪುಸ್ತಕ, ಸ್ಯಾಟ್ಸ್ (ರಾಜ್ಯದ ಆನ್‌ಲೈನ್ ವಿದ್ಯಾರ್ಥಿ ದಾಖಲಾತಿ ವ್ಯವಸ್ಥೆ) ಪಟ್ಟಿ, ಬಿಸಿಯೂಟದ ವಹಿ ಮೂರನ್ನೂ ಮುಂದಿಟ್ಟುಕೊಂಡು ಹೆಸರು ಹೆಸರಾಗಿ ತಾಳೆ ನೋಡಿ. ಸ್ಯಾಟ್ಸ್‌ನಲ್ಲಿಲ್ಲದ ಮಗು ತರಗತಿಯಲ್ಲಿ ಕೂತಿದ್ದರೆ ಅಂದೇ ಸೇರಿಸಲು ಹೇಳಿ. ಇಲ್ಲದ ಮಗುವಿನ ಹೆಸರು ಸೇರಿಸಿ ಸಂಖ್ಯೆ ಹಿಗ್ಗಿಸಲು ಮಾತ್ರ ಯಾರೇ ಹೇಳಿದರೂ ಒಪ್ಪಬೇಡಿ. ಊಟದ ವಹಿಯ ಎದುರು ಅದು ನಿಲ್ಲುವುದಿಲ್ಲ, ಸಿಕ್ಕಿಬಿದ್ದರೆ ಮುಖ್ಯ ಶಿಕ್ಷಕರ ಮೇಲೆ ಕ್ರಮವಾಗುತ್ತದೆ, ನಿಜವಾದ ಬೇಡಿಕೆಯ ಮೇಲೂ ನಂಬಿಕೆ ಹೋಗುತ್ತದೆ.

ಮಂಜೂರಾತಿ ಪಟ್ಟಿ, ನಿಯೋಜನೆ ಆದೇಶ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಅರ್ಜಿ ಸಮಿತಿಯ ಹೆಸರಲ್ಲಿ ಬೇಡ, ಒಬ್ಬ ಪೋಷಕರ ಹೆಸರಲ್ಲಿರಲಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. "ಏಕೆ ಶಿಕ್ಷಕರನ್ನು ಕೊಟ್ಟಿಲ್ಲ" ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಕಾರಣ ಕೇಳುವ ಪ್ರಶ್ನೆ ದಾಖಲೆಯಲ್ಲ. "ನಿಯೋಜನೆ ಆದೇಶದ ದೃಢೀಕೃತ ಪ್ರತಿ" ಎಂದು ಕೇಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಮನವಿ ಒಂದೇ ಪುಟವಿರಲಿ. ನಿಯೋಜನೆಯ ಬೇಡಿಕೆಯ ಒಕ್ಕಣೆ ಹೀಗಿರಬಹುದು: "ನಮ್ಮ ಶಾಲೆಯಲ್ಲಿ (ಯುಡೈಸ್ ಸಂಖ್ಯೆ ನಮೂದಿಸಿ) 1ರಿಂದ 5ರಲ್ಲಿ 62, 6ರಿಂದ 8ರಲ್ಲಿ 33 ಮಕ್ಕಳಿದ್ದು, ಮಂಜೂರಾದ 5 ಹುದ್ದೆಗಳಲ್ಲಿ 2 ಖಾಲಿ ಇವೆ. ಒಬ್ಬ ಶಿಕ್ಷಕರು ನಿಯೋಜನೆ ಮೇಲಿದ್ದಾರೆ. ಕಲಂ 25(2)ರಂತೆ ನಿಯೋಜನೆ ರದ್ದುಪಡಿಸಿ, 15 ದಿನಗಳೊಳಗೆ ಲಿಖಿತ ಉತ್ತರ ನೀಡಬೇಕೆಂದು ಸಭೆ ನಿರ್ಣಯಿಸಿದೆ." ನಿರ್ಣಯದ ಪ್ರತಿ ಲಗತ್ತಿಸಿ, ಇನ್ನೊಂದು ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಸಹಿ ಅಧ್ಯಕ್ಷರದ್ದು ಮತ್ತು ಪೋಷಕರದ್ದು. ಮುಖ್ಯ ಶಿಕ್ಷಕರನ್ನು ಮುಂದೆ ನಿಲ್ಲಿಸಬೇಡಿ, ನಡತೆ ನಿಯಮಗಳು ಅವರ ಕೈ ಕಟ್ಟಿವೆ. ನೋಟಿಸ್ ಬಂದರೆ ಊರು ಅವರ ಬೆನ್ನಿಗಿರುವುದು ಎರಡೇ ದಿನ.

"ತಾಲ್ಲೂಕಿನ ಸರಾಸರಿ ಅನುಪಾತ ಸರಿಯಿದೆ" ಎಂಬ ಉತ್ತರ ಬಂದೇ ಬರುತ್ತದೆ. ಪೇಟೆಯ ಶಾಲೆಯಲ್ಲಿ ಹೆಚ್ಚಿರುವ ಶಿಕ್ಷಕರು ಹಳ್ಳಿಯ ಮಗುವಿಗೆ ಪಾಠ ಮಾಡುವುದಿಲ್ಲ. ಕಾಯ್ದೆ ಪ್ರಮಾಣವನ್ನು ಪ್ರತಿ ಶಾಲೆಗೂ ಹೇಳಿದೆ, ಸರಾಸರಿಗಲ್ಲ. ಹೀಗೆಂದು ಎರಡೇ ಸಾಲಿನಲ್ಲಿ ಮರುಪತ್ರ ಬರೆಯಿರಿ. ಶಾಲೆಯನ್ನು ವಿಲೀನ ಮಾಡುವ ಮಾತೆತ್ತಿದರೆ, ಪ್ರಾಥಮಿಕಕ್ಕೆ 1 ಕಿ.ಮೀ., ಹಿರಿಯ ಪ್ರಾಥಮಿಕಕ್ಕೆ 3 ಕಿ.ಮೀ. ನಡಿಗೆ ದೂರದಲ್ಲಿ ಶಾಲೆ ಇರಬೇಕೆಂಬ ನಿಯಮವನ್ನು ಮುಂದಿಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಉಲ್ಲೇಖಿಸಿದರೆ, ಅದು ನೀತಿ, ಇದು ಕಾಯ್ದೆ ಎಂಬ ಅಂತರವನ್ನು ಬಿಟ್ಟುಕೊಡಬೇಡಿ.

ಶಾಸಕರಿಗೆ, ಪಂಚಾಯಿತಿ ಸದಸ್ಯರಿಗೆ ಪ್ರತಿ ಕೊಡಿ, ಎಲ್ಲ ಪಕ್ಷದವರಿಗೂ ಒಂದೇ ದಿನ ಕೊಡಿ. ಒಬ್ಬರ ಹೆಸರಿಗೆ ಅಂಟಿದ ಬೇಡಿಕೆಯನ್ನು ಇನ್ನೊಬ್ಬರು ತಡೆಯುತ್ತಾರೆ. ಗೇಟಿಗೆ ಬೀಗ ಜಡಿಯುವ ಪ್ರತಿಭಟನೆಗೆ ಸಮಿತಿ ಒಪ್ಪಲೇಬಾರದು. ವರ್ಷಕ್ಕೆ 1ರಿಂದ 5ಕ್ಕೆ 200, 6ರಿಂದ 8ಕ್ಕೆ 220 ಶಾಲಾ ದಿನಗಳು ಮಕ್ಕಳ ಹಕ್ಕು. ಮೊದಲೇ ಪಾಠವಿಲ್ಲದವರಿಂದ ಇನ್ನೊಂದು ದಿನ ಕಿತ್ತುಕೊಳ್ಳುವುದು ಯಾವ ನ್ಯಾಯ? ಧರಣಿ ಮಾಡುವುದಾದರೆ ಕಚೇರಿಯ ಮುಂದೆ, ಭಾನುವಾರ ಬಿಟ್ಟು, ದೊಡ್ಡವರು ಮಾತ್ರ.

15 ದಿನ ಕಳೆದರೂ ಉತ್ತರವಿಲ್ಲದಿದ್ದರೆ ಕಲಂ 32ರ ಅಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಿ. ಮೂರು ತಿಂಗಳೊಳಗೆ ವಿಚಾರಣೆ ನಡೆಸಿ ತೀರ್ಮಾನಿಸಬೇಕು. ಅದಕ್ಕೆ ತೃಪ್ತಿಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ. ಅಲ್ಲಿ ಕೇಳುವುದು ಮೊಹರಿರುವ ಪ್ರತಿಗಳನ್ನೇ, ಆದ್ದರಿಂದ ಅವನ್ನು ಅಧ್ಯಕ್ಷರ ಮನೆಯಲ್ಲಿ ಇಡಬೇಡಿ. ಶಾಲೆಯ ಬೀರುವಿನಲ್ಲಿ ಒಂದೇ ಕಡತದಲ್ಲಿಟ್ಟು, ಸಮಿತಿ ಬದಲಾದ ದಿನ ಪುಟ ಎಣಿಸಿ, ಸಹಿ ಪಡೆದು ಹೊಸಬರಿಗೆ ಒಪ್ಪಿಸಿ.